ಕೂಡಬಾರದ ಸಂದು

ದೊಡ್ಡವರಿಗೆ ಗಿಡ್ಡವಾದ ಬಟ್ಟೆ ಸಣ್ಣವರಿಗೆ ಹೋಗುವುದು ಎಲ್ಲರ ಮನೆಯ ರೂಢಿ. ನಮ್ಮ ಬೈರಿದೇವರಕೊಪ್ಪದ ಮನೆಯಲ್ಲಿ ಅದು ತಿರುವುಮುರುವಾಗಿತ್ತು. ಮಹಡಿಯ ಮೇಲಿರುವ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತನ್ನ ಮಗಳ ಚೂಡಿದಾರಗಳನ್ನು ಇಸ್ತ್ರಿ ಮಾಡಿ ನನ್ನ ಮಗಳಿಗೆಂದು ತರುತ್ತಿದ್ದಳು. ಅವಳ ಮಗಳು ನನ್ನ ಮಗಳಿಗಿಂತ ಒಂದು ವರ್ಷ ಸಣ್ಣವಳು.

“ಹೊಸಾವು ಇದ್ದಂಗ ಅದಾವರೀ ಅಕ್ಕಾ. ನಮ್ಮಕಿ ಕಾಲು ನಿಲ್ಲವಲ್ವು, ಬೆಳ್ಯಾಕತ್ತಾವು. ನಿಮ್ಮಕಿಗೆ ಬರೋಬ್ಬರಿ ಆಗ್ತಾವು.”

ಬರೋಬ್ಬರಿಯಂತೆ! ಪ್ಯಾಂಟಿನ ಕಾಲು ನನ್ನ ಮಗಳಿಗೆ ಇನ್ನೂ ಉದ್ದವೇ. ಮಿಕ್ಕಿದ್ದನ್ನು ಕರಕರ ಕತ್ತರಿಸಿ ಹೊಲಿಯುತ್ತಿದ್ದೆ. ಇಬ್ಬರಿಗೂ ಒಂದೇ ಡಬ್ಬಿಯ ಹಿಟ್ಟಿನ ರೊಟ್ಟಿ, ಒಂದೇ ಎಮ್ಮೆಯ ಹಾಲು. ಅಲ್ಲಿಗೆ ಸೇರಿನಿಂದ, ಇಲ್ಲಿಗೆ ಚಟಾಕಿನಿಂದ ಅಳೆದೆಯೇನಪ್ಪಾ ಎಂದು ಪೂಜೆಗೆ ಕೂತಾಗಲೇ ಶಿವನನ್ನು ಕೇಳಿದ್ದೇನೆ. ಮಗಳ ಮೊಣಕಾಲ ಕೆಳಗೆ ದಿನವೂ ಎಳ್ಳೆಣ್ಣೆ ತಿಕ್ಕುತ್ತಿದ್ದೆ.

ಒಂದು ಮದುವೆಯಲ್ಲಿ ಯಾರೋ ಅಜ್ಜಿ ನನ್ನ ಮಗಳಿಗೆ, “ನಿಮ್ಮಕ್ಕ ಎಲ್ಲಿ ಹೋದ್ಲವಾ?” ಎಂದು ಆ ಸಣ್ಣವಳ ಬಗ್ಗೆ ಕೇಳಿದಳು. ಮಗಳು ಊಟಕ್ಕೇ ಕೂಡಲಿಲ್ಲ. ಮರುದಿನವೇ ಎಲುಬಿನ ಡಾಕ್ಟರ ಬಳಿ ಹೋದೆವು. ನೆಗೆಣ್ಣಿ ಕರೆಯದೆಯೇ ಜೊತೆಗೆ ಬಂದಳು.

ಎಡಗೈಯ ಎಕ್ಸ್‌ರೇ ತೆಗೆಸಿದರು. ಡಾಕ್ಟರು ಅದನ್ನು ದೀಪಕ್ಕೆ ಹಿಡಿದರೆ, ಮಣಿಕಟ್ಟಿನ ಹತ್ತಿರ ಮುಂಗೈ ಎಲುಬಿನ ತುದಿ ಬೇರೆಯಾಗಿಯೇ ನಿಂತಿದೆ! ನಡುವೆ ಕಪ್ಪು ಗೆರೆ. ಶಿವನೇ, ಲಗೂ ಕೂಡಿಸು, ಐದು ಸೋಮವಾರ ಒಪ್ಪತ್ತು ಮಾಡುತ್ತೇನೆ ಎಂದು ನಿಂತಲ್ಲೇ ಹರಕೆ ಹೊತ್ತೆ.

“ಮುರದೈತಲ್ರೀ ಡಾಕ್ಟ್ರ!”

“ಮುರದಿಲ್ರೀ ಅಮ್ಮಾರ,” ಡಾಕ್ಟರು ನಕ್ಕರು. “ಉದ್ದನ್ನ ಎಲುಬು ಉದ್ದ ಆಗೂದು ತುದಿ ಹತ್ರ, ನಡುವಲ್ಲ. ಇಲ್ಲೆ ಮೆತ್ತನ್ನ ಪದರ ಐತಿ, ಎಕ್ಸ್‌ರೇದಾಗ ಕಾಣಂಗಿಲ್ಲ. ಅದು ಹೊಸಾದು ಹುಟ್ಟಿಸ್ಕೋತ ಹೋಗ್ತೈತಿ, ಹಳೇದು ಗಟ್ಟಿ ಆಗಿ ಎಲುಬು ಆಗ್ತೈತಿ. ಕಾಲಿಂದೂ ಹಂಗ. ಈ ಸಂದು ಕೂಡಿತಂದ್ರ ಬೆಳವಣಿಗಿ ಮುಗೀತು. ಈಕಿದು ಛಲೋ ಬಿಟ್ಟೈತಿ. ಇನ್ನೂ ಬೆಳೀತಾಳ.”

ಹೊತ್ತ ಹರಕೆಯನ್ನು ತಿರುಗಿಸಬೇಕಾಯಿತು. ಕೂಡಿಸಬ್ಯಾಡಪ್ಪಾ, ತಪ್ಪಿ ಅಂದೆ, ಒಪ್ಪತ್ತು ಹೆಂಗೂ ಮಾಡ್ತೇನಿ ಎಂದು ಅವಸರದಿಂದ ಬೇಡಿಕೊಂಡೆ.

ನೆಗೆಣ್ಣಿ ಎಕ್ಸ್‌ರೇಯಿಂದ ಕಣ್ಣು ಕೀಳಲಿಲ್ಲ. “ನಮ್ಮಕಿದೂ ಹಿಂಗ ಬಿಟ್ಟಿರ್ತೈತೇನ್ರಿ?”

“ನೋಡದ ಹೆಂಗ ಹೇಳೂದ್ರಿ? ಕೆಲವ್ರದು ಲಗೂ ಕೂಡ್ತಾವು.”

ದಾರಿಯುದ್ದಕ್ಕೂ ಅವಳು ತನ್ನ ಮಣಿಕಟ್ಟನ್ನೇ ಒತ್ತಿ ಒತ್ತಿ ನೋಡಿಕೊಂಡಳು. ನನಗೆ ಹಾಲು ಕುಡಿದಷ್ಟು ಸಂತೋಷ.

ಆ ಹುಡುಗಿ ಈಗಲೂ ನನ್ನ ಮಗಳಿಗಿಂತ ಗೇಣು ಎತ್ತರ. ಅವಳು ಮೆಟ್ಟಿಲಿಳಿದು ಬಂದರೆ ನನ್ನ ಹೊಟ್ಟೆ ಈಗಲೂ ಉರಿಯುತ್ತದೆ. ಮೊನ್ನೆ ಮತ್ತೊಂದು ಜೊತೆ ಬಟ್ಟೆ ಬಂತು. ಈ ಸಲ ಕತ್ತರಿ ಮುಟ್ಟಲಿಲ್ಲ. ಮಿಕ್ಕಿದ್ದನ್ನು ಒಳಗೆ ಮಡಚಿ, ಬೇಕಾದಾಗ ಬಿಚ್ಚಲು ಬರುವಂತೆ ಸಡಿಲಾಗಿ ಹೊಲಿಗೆ ಹಾಕಿದೆ.