ಗಂಟೆ ಮಾಮನ ಕೈ ನಿಲ್ಲಿಸಿದ ಮಾತು

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕರಿಗೆ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ವಿದ್ಯಾರ್ಥಿಗಳಿಗೆ ಮಾತ್ರ ಅವರು ಗಂಟೆ ಮಾಮ. ಚರ್ಚಾಸ್ಪರ್ಧೆ ನಡೆದಾಗಲೆಲ್ಲ ಸ್ಟಾಪ್‌ವಾಚ್ ಹಿಡಿದು ವೇದಿಕೆಯ ಮೂಲೆಯಲ್ಲಿ ಕೂರುವವರು ಅವರೇ. ನಾಲ್ಕನೆಯ ನಿಮಿಷಕ್ಕೆ ಒಮ್ಮೆ ಗಂಟೆ ಬಾರಿಸಿ ಎಚ್ಚರಿಸುತ್ತಾರೆ, ಐದಕ್ಕೆ ಎರಡು ಸಲ ಬಾರಿಸಿ ಕೂರಿಸುತ್ತಾರೆ.

ಅವರ ಬಳಿ ಒಂದು ನೋಟ್‌ಬುಕ್ ಇದೆ. ಯಾರು ಗೆದ್ದರು ಎಂಬುದು ಅದರಲ್ಲಿಲ್ಲ. ಸಭೆಯಲ್ಲಿ ಮೊದಲ ಕೆಮ್ಮು ಎಷ್ಟನೆಯ ಸೆಕೆಂಡಿಗೆ ಬಂತು, ಭಾಷಣಕಾರ ತನಗೆ ಬೇಕಾದ್ದನ್ನು ಯಾವ ನಿಮಿಷದಲ್ಲಿ ಹೇಳಿದ, ಇಷ್ಟೇ. ಇಪ್ಪತ್ತಾರು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಭಾಷಣಗಳು. ಹತ್ತರಲ್ಲಿ ಏಳು ಮಂದಿ ಮುಖ್ಯವಾದ ಮಾತನ್ನು ಕೊನೆಗೆಂದು ಎತ್ತಿಟ್ಟುಕೊಂಡು, ಅದು ಬಾಯಿಗೆ ಬರುವ ಮೊದಲೇ ಗಂಟೆ ಕೇಳಿಸಿಕೊಂಡವರು. ಇಷ್ಟು ಮಾತು ಕೇಳಿದ ಮನುಷ್ಯ ಊಟಕ್ಕೆ ಕೂತರೆ ಉಪ್ಪು ಬೇಕೆನ್ನುವುದಕ್ಕೂ ಬೆರಳು ತೋರಿಸುತ್ತಾರೆ ಎಂದು ಅವರ ಹೆಂಡತಿ ಬಂದವರೆದುರೆಲ್ಲ ಹೇಳುತ್ತಾರೆ.

ಆ ವರ್ಷ ಆಡಳಿತ ಮಂಡಳಿ ಒಂದು ನೋಟಿಸು ಹಾಕಿಸಿತು. ಸಂಜೆ ಐದೂವರೆಯವರೆಗೆ ತೆರೆದಿರುತ್ತಿದ್ದ ಪ್ರಯೋಗಾಲಯದಿಂದ ಮುಂದಿನ ಸೋಮವಾರದಿಂದ ವಿದ್ಯಾರ್ಥಿಗಳು ನಾಲ್ಕಕ್ಕೇ ಹೊರಡಬೇಕು. ಬೆಳಿಗ್ಗೆ ದುಡಿದು ಮಧ್ಯಾಹ್ನ ಬರುವ ಹದಿನಾಲ್ಕು ವಿದ್ಯಾರ್ಥಿಗಳಿಗೆ ಇದು ಕುತ್ತಿಗೆಗೆ ಬಂತು. ಅವರಲ್ಲಿ ಒಬ್ಬಳು, ಬಟ್ಟೆ ಇಸ್ತ್ರಿ ಅಂಗಡಿಯಿಂದ ಎರಡೂವರೆಗೆ ಓಡಿಬರುವ ಹುಡುಗಿ. ಪಾಠಗಳನ್ನು ಅಕ್ಷರ ಬಿಡದೆ ಒಪ್ಪಿಸುವುದರಿಂದ ಗೆಳತಿಯರು ಅವಳಿಗೆ ಗಿಳಿ ಎಂದು ಹೆಸರಿಟ್ಟಿದ್ದರು. ಅವಳಿಗೆ ಇನ್ನೂ ಹನ್ನೊಂದು ಪ್ರಯೋಗಗಳು ಬಾಕಿ. ಅವು ಮುಗಿಯದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಶುಕ್ರವಾರ ಮಂಡಳಿಯೆದುರು ಐದು ನಿಮಿಷ ಮಾತಾಡಲು ಅವಕಾಶ ಸಿಕ್ಕಿತು. ನೆನಪು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಎಲ್ಲರೂ ಗಿಳಿಯನ್ನು ಮುಂದೆ ದೂಡಿದರು.

ಮಂಗಳವಾರ ಅವಳು ಎರಡು ಹಾಳೆ ಭಾಷಣ ಬಾಯಿಪಾಠ ಮಾಡಿಕೊಂಡು ಮಾಮನ ಬಳಿ ಬಂದಳು. ಮಾಮ ಕೊನೆಯ ಸಿಂಕಿನ ಹತ್ತಿರ ಪ್ರನಾಳಗಳನ್ನು ತೊಳೆಯುತ್ತಿದ್ದರು. ಕರಿಹಲಗೆಯ ಪಕ್ಕ ನಿಂತು ಹೇಳು, ನಾನು ಕೆಲಸ ನಿಲ್ಲಿಸುವುದಿಲ್ಲ ಎಂದರು. ಗಿಳಿ ಜ್ಞಾನದ ಹಿರಿಮೆಯಿಂದ ಶುರುಮಾಡಿ, ವಿಜ್ಞಾನದ ಉಪಕಾರಗಳನ್ನು ದಾಟಿ, ಯುವಜನರ ಹೊಣೆಗೆ ಬಂದು ಮುಗಿಸಿದಳು.

“ಎಷ್ಟು ತೊಳೆದೆ ನೋಡು,” ಎಂದರು ಮಾಮ.

ಸ್ಟ್ಯಾಂಡಿನಲ್ಲಿ ಹದಿನೇಳು ಪ್ರನಾಳಗಳು ಬೋರಲಾಗಿದ್ದವು.

“ನನ್ನ ಕೈ ಒಂದ್ಸಲಾನೂ ನಿಲ್ಲಲಿಲ್ಲ ಮಗಳೇ. ಮೂಗಿಗಿಂತ ಮೂಗುತಿ ಭಾರ ಆಗಿದೆ. ನಿಂಗೇನು ಬೇಕು, ಅದನ್ನ ಹೇಳು.”

ಗಿಳಿಗೆ ಸಿಟ್ಟು ಬಂತು. ಹಾಳೆ ಮಡಚಿ, ಬೆಂಚಿನ ಮೇಲಿನ ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆ ತೋರಿಸಿದಳು. “ಪ್ರತಿ ಪ್ರಯೋಗಕ್ಕೂ ಮೂರು ಅಳತೆ ತೆಗೀಬೇಕು ಮಾಮ. ನಾಲ್ಕಕ್ಕೆ ಕಳಿಸಿಬಿಟ್ರೆ ಎರಡೇ ಸಿಗುತ್ತೆ. ಆ ಎರಡೂ ಬೇರೆ ಬೇರೆ ಬಂದ್ರೆ, ಯಾವುದು ಸರಿ ಅಂತ ಹೇಳೋಕೆ ಮೂರನೇದೇ ಇರಲ್ಲ.”

ನಲ್ಲಿ ಸುರಿಯುತ್ತಲೇ ಇತ್ತು. ಮಾಮನ ಕೈ ನಿಂತಿತ್ತು.

ಉಳಿದ ಎರಡು ದಿನ ಅಭ್ಯಾಸವೆಲ್ಲ ಆ ಸಿಂಕಿನ ಬಳಿಯೇ. ಬೇಕಾದ್ದನ್ನು ಮೊದಲ ನಿಮಿಷದಲ್ಲೇ ಹೇಳಬೇಕು, ಅದರ ಬೆನ್ನಿಗೇ ಸಾಕ್ಷಿ ಕೊಡಬೇಕು ಎಂದು ಮಾಮ ತಿದ್ದಿದರು. ತಲೆಯಾಡಿಸುವವರನ್ನು ನೋಡುತ್ತ ಮಾತಾಡುವುದು ಸುಲಭ, ಆದರೆ ಬೇಡ ಎನ್ನುವವರು ಯಾರೋ ಅವರ ಕಡೆ ನೋಡು ಎಂದರು. ಕೈ ನಿಂತ ವಾಕ್ಯಗಳನ್ನು ಗಿಳಿ ಉಳಿಸಿಕೊಂಡಳು, ನಿಲ್ಲದವನ್ನು ಹೊಡೆದುಹಾಕಿದಳು. ಗುರುವಾರದ ಹೊತ್ತಿಗೆ ಎರಡು ಹಾಳೆ ಅರ್ಧ ಪುಟಕ್ಕೆ ಇಳಿಯಿತು. ಆ ಅರ್ಧ ಪುಟವನ್ನೂ ಅವಳು ಬಾಯಿಪಾಠ ಮಾಡಲಿಲ್ಲ.

ಶುಕ್ರವಾರ ಉದ್ದ ಮೇಜಿನ ಆಚೆ ಐದು ಮಂದಿ ಕೂತಿದ್ದರು. ಗೋಡೆಬದಿಯ ಸ್ಟೂಲಿನ ಮೇಲೆ ಗಂಟೆ ಇಟ್ಟುಕೊಂಡು ಮಾಮ. ತಡವಾಗಿ ಬಂದ ಅಧ್ಯಕ್ಷರು ವಾಚು ನೋಡಿ, ಐದಿಲ್ಲ, ಎರಡು ನಿಮಿಷದಲ್ಲಿ ಮುಗಿಸಮ್ಮ ಎಂದರು. ಹಳೆಯ ಭಾಷಣವಾಗಿದ್ದರೆ ಎರಡು ನಿಮಿಷಕ್ಕೆ ಜ್ಞಾನದ ಹಿರಿಮೆಯೇ ಮುಗಿಯುತ್ತಿರಲಿಲ್ಲ. ಗಿಳಿ ಅಧ್ಯಕ್ಷರನ್ನೇ ನೋಡುತ್ತ ಬೇಕಾದ್ದನ್ನು ಕೇಳಿದಳು. ಹದಿನಾಲ್ಕು ವಿದ್ಯಾರ್ಥಿಗಳ ಲೆಕ್ಕ ಹೇಳಿದಳು, ಮೂರನೆಯ ಅಳತೆಯ ಮಾತು ಹೇಳಿದಳು. ಗಂಟೆಗೆ ಹತ್ತು ಸೆಕೆಂಡು ಇರುವಾಗ ಕೂತಳು. ಯಾರೂ ಕೆಮ್ಮಲಿಲ್ಲ.

“ಮಾತು ಸರಿಯಾಗಿದೆ,” ಎಂದರು ಅಧ್ಯಕ್ಷರು. “ಆದ್ರೆ ನಿಮಗೋಸ್ಕರ ಐದೂವರೆವರೆಗೆ ಕಾಯ್ಕೊಂಡು ಕೂರೋರು ಯಾರು? ಬೀಗ ಹಾಕೋರು ಯಾರು?”

ಗಿಳಿ ಗೋಡೆಬದಿಯಲ್ಲಿದ್ದ ಮಾಮನ ಕಡೆ ತಿರುಗಿದಳು. ಸಾಕ್ಷಿ ಎಲ್ಲಿ ಎಂದು ಮೂರು ದಿನ ಅವಳನ್ನು ಕಾಡಿದ ಮಾಮನಿಗೆ, ಆ ಸಾಕ್ಷಿ ತಾವೇ ಎಂಬುದು ಆಗ ಹೊಳೆಯಿತು. ಗಂಟೆ ಬಾರಿಸುವವನು ತನ್ನನ್ನು ಸಭೆಯಲ್ಲಿ ಸೇರಿಸಿ ಎಣಿಸುವುದಿಲ್ಲ. ಮಾಮ ಎದ್ದು ನಿಂತರು. ರೂಢಿಬಲದಿಂದ ಹೆಬ್ಬೆರಳು ಸ್ಟಾಪ್‌ವಾಚ್ ಒತ್ತಿತು.

“ನಾನಿರ್ತೀನಿ ಸಾರ್. ಇವರನ್ನ ನಾಲ್ಕಕ್ಕೆ ಕಳಿಸಿದ್ರೂ ನನ್ನ ಡ್ಯೂಟಿ ಐದೂವರೆವರೆಗೆ. ದಿನದ ಗಾಜಿನ ಸಾಮಾನೆಲ್ಲ ತೊಳೀಬೇಕಲ್ಲ. ಬಾಗಿಲು ತೆಗೆದೇ ಇರುತ್ತೆ, ದೀಪ ಉರೀತಾನೇ ಇರುತ್ತೆ.”

ಅಧ್ಯಕ್ಷರು ಪಕ್ಕದವರ ಮುಖ ನೋಡಿದರು. “ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ ಸಾರ್.”

ಮೇಜಿನಾಚೆ ಯಾರೋ ನಕ್ಕರು. ನೋಟಿಸು ಅಲ್ಲೇ ರದ್ದಾಯಿತು.

ಸೋಮವಾರ ನಾಲ್ಕು ಹೊಡೆದಾಗ ಗಿಳಿ ಮೂರನೆಯ ಅಳತೆಗೆ ಬ್ಯೂರೆಟ್ ತುಂಬುತ್ತಿದ್ದಳು. ಪಕ್ಕದಲ್ಲಿ ಮಾಮನ ನೋಟ್‌ಬುಕ್ ತೆರೆದಿತ್ತು. ಶುಕ್ರವಾರದ ಸಾಲಿನಲ್ಲಿ ಅವಳ ಮಾತಿನ ವಿವರವಿತ್ತು: ಒಂದು ನಿಮಿಷ ಐವತ್ತು ಸೆಕೆಂಡು, ಕೆಮ್ಮು ಇಲ್ಲ. ಕೆಳಗಿನ ಸಾಲು ಖಾಲಿ.

“ಮಾಮ, ನಿಮ್ಮದೆಷ್ಟಾಯ್ತು?”

ತೊಳೆಯುತ್ತಿದ್ದ ಕೈ ನಿಂತಿತು. “ಹದಿನಾಲ್ಕು ಸೆಕೆಂಡು,” ಎಂದರು. ಅವಳು ಅದನ್ನು ಬರೆದು, ಬ್ಯೂರೆಟ್ಟಿನ ನಲ್ಲಿ ತಿರುಗಿಸಿದಳು.