ಬೆಳಕಿಗೆ ಹಿಡಿಯದ ಲೆಗ್ಗಿಂಗ್ಸ್

ಕಾಪುವಿನ ಮಾರುಕಟ್ಟೆಯಲ್ಲಿ ದಿನವೂ ಮಾರಿಯಮ್ಮನನ್ನು ನೆನೆದು ಮೀನಿನ ಬುಟ್ಟಿ ಇಳಿಸುವ ವಿನೋದಾ, ಕಿವಿರು ಎತ್ತಿ ತಾಜಾ ಕೆಂಪು ತೋರಿಸದೆ ಯಾರಿಗೂ ಮೀನು ಕೊಟ್ಟವಳಲ್ಲ. ನೆಂಟರು "ನಂಬಿಕೆ ಉಂಟು, ಬಿಡಿ" ಎಂದರೂ ಕೇಳುವುದಿಲ್ಲ.

ಮಂಡಿನೋವಿಗೆಂದು ಅವಳು ಭಜನಾ ಮಂದಿರದ ಯೋಗ ತರಗತಿಗೆ ಸೇರಿದಾಗ, ಉಡುಪಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಕ್ಕನ ಮಗಳು ಭವ್ಯಶ್ರೀ ಒಂದು ಲೆಗ್ಗಿಂಗ್ಸ್ ಆರಿಸಿಕೊಟ್ಟಳು. ವಿನೋದಾ ಅದನ್ನು ಬಿಡಿಸಿಯೂ ನೋಡದೆ ದುಡ್ಡು ಕೊಟ್ಟು ತಂದಳು. ಮರುದಿನ ತರಗತಿಯಲ್ಲಿ ಬಗ್ಗಿ ಕಾಲು ಮುಟ್ಟಿದಾಗ ಹಿಂದಿದ್ದ ವಾರಿಜಾ ಮೆಲ್ಲಗೆ, "ವಿನೋದಕ್ಕ, ಒಳಚಡ್ಡಿಯ ಹೂವೆಲ್ಲ ಕಾಣ್ತದೆ ಮಾರಾಯ್ರೆ" ಎಂದಳು. ಸಾಲಿಡೀ ನಕ್ಕಿತು.

ಪಾಪ, ಹುಡುಗಿಗೆ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡೇ ಅವಳು ಅಂಗಡಿಗೆ ಹೋದಳು. ಭವ್ಯಶ್ರೀ ಮಣಿಪಾಲದಿಂದ ಬಂದ ವಿದ್ಯಾರ್ಥಿನಿಯೊಬ್ಬಳಿಗೆ ಹೇಳುತ್ತಿದ್ದಳು: "ಒಳಗೆ ಕೈ ಹಾಕಿ, ಎಳೆದು ಬೆಳಕಿಗೆ ಹಿಡಿಯಿರಿ. ಕೈ ಕಂಡರೆ ವ್ಯಾಯಾಮಕ್ಕೆ ಆಗುವುದಿಲ್ಲ. ಹಾಕಿಕೊಂಡು ಒಮ್ಮೆ ಬಗ್ಗಿಯೂ ನೋಡಿ."

ವಿನೋದಾ ಆ ಹುಡುಗಿ ಹೋಗುವ ತನಕ ಕಾದು ಕೇಳಿದಳು, "ನನಗೆ ಯಾಕೆ ಇದನ್ನು ಹೇಳಲಿಲ್ಲ ಮಗಾ?"

ಭವ್ಯಶ್ರೀ ತಲೆ ತಗ್ಗಿಸಿದಳು. "ಅದು ಹೋಗದೆ ಉಳಿದ ಮಾಲು ಚಿಕ್ಕಮ್ಮ. ಧನಿಗಳು ಖಾಲಿ ಮಾಡಲು ಹೇಳಿದ್ದರು. ನೀವಾದರೆ ನೋಡುವುದಿಲ್ಲ ಅಂತ ಗೊತ್ತಿತ್ತು." ಮತ್ತೆ ಅವಸರದಿಂದ ದಪ್ಪ ಬಟ್ಟೆಯದೊಂದನ್ನು ಮುಂದೆ ಹಿಡಿದಳು. "ಇದನ್ನು ನನ್ನ ಲೆಕ್ಕದಲ್ಲಿ ತೆಗೆದುಕೊಳ್ಳಿ."

ವಿನೋದಾ ಅದರೊಳಗೆ ಕೈ ಹಾಕಿ, ಎಳೆದು ಬೆಳಕಿಗೆ ಹಿಡಿದಳು. ಕೈ ಕಾಣಲಿಲ್ಲ.

"ಇದು ಒಳ್ಳೆಯದುಂಟು" ಎಂದು ಮಡಚಿ ಮೇಜಿನ ಮೇಲಿಟ್ಟಳು. "ಆದರೆ ನಿನ್ನ ಕೈಯಿಂದ ಬೇಡ."