ಆಯುಧಪೂಜೆಗೊಂದು ವರ್ಕ್ ಸೆಂಟರ್

ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ನಮ್ಮ ಗದಗಿನ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು. ಅದು ಅಷ್ಟು ದೂರ ಹೋಗಿ ಕೂರುವುದೇ ಇಲ್ಲ, ನಾಲಿಗೆಯ ಮೇಲೇ ಇರುತ್ತದೆ. ಯಲಹಂಕದಾಚೆ ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆಯೊಂದರಲ್ಲಿ ನನ್ನದು ಮೇಂಟೆನೆನ್ಸ್ ಪ್ಲಾನಿಂಗ್ ಕೆಲಸ. ಯಾವ ಮಷಿನ್ನಿಗೆ ಯಾವಾಗ ಎಣ್ಣೆ ಬಿಡಬೇಕು, ಯಾರು ಬಿಡಬೇಕು ಎಂದು ಮೊದಲೇ ಹೇಳಬೇಕು. ಮಷಿನ್ನುಗಳು ನನ್ನ ಮಾತು ಕೇಳುವುದಿಲ್ಲ. ಮನುಷ್ಯರು ಕೇಳಿದ ಹಾಗೆ ಮಾಡುತ್ತಾರೆ.

ಕಂಪನಿಗೆ ಹೊಸ ಸಾಫ್ಟ್‌ವೇರ್ ಬಂದಾಗ ರಿಪೇರಿಯ ವರ್ಕ್ ಸೆಂಟರ್‌ಗಳನ್ನು ಮಾಡುವ ಕೆಲಸ ನನ್ನ ತಲೆಗೆ ಕಟ್ಟಿದರು. ವರ್ಕ್ ಸೆಂಟರ್ ಅಂದರೆ ಬೇರೇನಿಲ್ಲ, ಕೆಲಸ ಬಂದರೆ ಯಾವ ಗುಂಪಿನ ಪಾಲಿಗೆ ಹಾಕಬೇಕು ಎನ್ನುವುದಕ್ಕೆ ಕಂಪ್ಯೂಟರಿನಲ್ಲಿ ಇಡುವ ಹೆಸರು. ಆ ಗುಂಪಿಗೆ ಹೊಣೆ ಯಾರು, ಜನ ಎಷ್ಟು, ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತಾರೆ, ಯಾವ ದಿನ ರಜೆ, ಇವಿಷ್ಟನ್ನು ತುಂಬಬೇಕು. ನನಗೆ ಕಲಿಸಲು ಪುಣೆಯ ನಮ್ಮ ಇನ್ನೊಂದು ಕಾರ್ಖಾನೆಯಿಂದ ಒಬ್ಬ ಸಲಹೆಗಾರ ಬಂದಿದ್ದ. ಅವನ ಪ್ರಕಾರ ಐದು ವರ್ಕ್ ಸೆಂಟರ್ ಸಾಕು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಿವಿಲ್, ಮೀಟರ್‌ಗಳದ್ದೊಂದು, ಬಾಯ್ಲರ್‌ನದ್ದೊಂದು. ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸ ಅಂದುಕೊಂಡೆ.

ಮುಗಿಯುತ್ತಿತ್ತು ಕೂಡ. ಆದರೆ ನಮ್ಮ ಮ್ಯಾನೇಜರ್ ಸಾಹೇಬರು ಮೀಟಿಂಗ್‌ನಲ್ಲಿ ಗಂಟಲು ಸರಿಮಾಡಿಕೊಂಡು, "ಇನ್ಮೇಲೆ ಎಲ್ಲಾ ಖರ್ಚೂ ವರ್ಕ್ ಸೆಂಟರ್ ಪ್ರಕಾರಾನೇ" ಅಂದುಬಿಟ್ಟರು. ದಸರಾ ಹತ್ತಿರ ಬಂದಿತ್ತು. ನಮ್ಮ ಕಾರ್ಖಾನೆಯಲ್ಲಿ ಆಯುಧಪೂಜೆಗೆ ಪ್ರತಿ ಸೆಕ್ಷನ್ನಿಗೂ ಬೇರೆ ಬೇರೆ ಬಾಳೆಕಂದು, ಬೇರೆ ಕುಂಬಳಕಾಯಿ, ಬೇರೆ ಕಡಲೆಪುರಿ ಮೂಟೆ, ಬೇರೆ ಸ್ವೀಟ್ ಬಾಕ್ಸು. ಯಾರ ಅಲಂಕಾರ ಚೆನ್ನ ಎಂದು ಆಮೇಲೆ ವರ್ಷಪೂರ್ತಿ ಜಗಳ. ಐದೇ ವರ್ಕ್ ಸೆಂಟರ್ ಅಂದರೆ ಐದೇ ಪೂಜೆ ಎಂದು ಜನ ಲೆಕ್ಕ ಹಾಕಿಕೊಂಡರು. ಹಾಗೆ ಯಾರೂ ಹೇಳಿರಲಿಲ್ಲ. ಹಾಗಲ್ಲ ಎಂದು ನಾನು ಹೇಳಿದ್ದನ್ನೂ ಯಾರೂ ನಂಬಲಿಲ್ಲ.

ಮಾರನೆಯ ದಿನದಿಂದ ನನ್ನ ಟೇಬಲ್ಲಿನ ಮುಂದೆ ಜಾತ್ರೆ. ವೆಲ್ಡಿಂಗ್‌ನವರಿಗೆ ಬೇರೆ ವರ್ಕ್ ಸೆಂಟರ್ ಬೇಕಂತೆ. ಎಲೆಕ್ಟ್ರಿಕಲ್‌ನವರಲ್ಲಿ ಮೋಟಾರ್ ನೋಡುವವರಿಗೂ ಪ್ಯಾನಲ್ ನೋಡುವವರಿಗೂ ಆಗಿಬರುವುದಿಲ್ಲವಂತೆ, ಒಂದೇ ಕುಂಬಳಕಾಯಿ ಹೇಗೆ ಒಡೆಯುವುದು? ಏಣಿಗಳನ್ನು ಕಾಯುವ ಸ್ಟೋರಿನವನು ಬಂದು, "ಏಣಿಗೂ ಒಂದು ಹಾಕ್ಬಿಡಿ ಮೇಡಂ, ಏಣಿ ಇಲ್ದೆ ಯಾರ್ ಏನ್ ರಿಪೇರಿ ಮಾಡ್ತಾರೆ?" ಎಂದ. ತೋಟದವನು ಹುಲ್ಲು ಕತ್ತರಿಸುವ ಮಷಿನ್ನನ್ನೇ ತಳ್ಳಿಕೊಂಡು ಬಂದು ಆಫೀಸಿನ ಬಾಗಿಲಲ್ಲಿ ನಿಲ್ಲಿಸಿದ. ಸಿಟ್ಟು ಬಂದರೆ ನನ್ನ ಬಾಯಲ್ಲಿ ಊರಿನ ಮಾತೇ ಬರುವುದು. "ಏನ್ರೀ ಇದು, ಸಾಫ್ಟ್‌ವೇರ್ ಐತೋ ಗ್ರಾಮದೇವತಿ ಗುಡಿ ಐತೋ! ನಡೀರಿ ಎಲ್ಲಾರೂ!" ಎಂದು ಕಿರುಚಿದೆ. ಹೋದರು. ಚಹಾ ಕುಡಿದು ವಾಪಸ್ ಬಂದರು.

ಎಲ್ಲರಿಗೂ ಇಲ್ಲ ಎಂದವಳು ನಾನು ಸೋತದ್ದು ಕಂಪ್ರೆಸರ್ ಯಜಮಾನರ ಮುಂದೆ. ಇಡೀ ಕಾರ್ಖಾನೆಗೆ ಪೈಪಿನಲ್ಲಿ ಗಾಳಿ ಒತ್ತಿ ಕಳಿಸುವ ಆ ಮಷಿನ್ನು ಇರುವುದು ಹಿತ್ತಲಿನ ಒಂದು ಕೋಣೆಯಲ್ಲಿ. ಅಲ್ಲಿ ಕೆಲಸಕ್ಕಿರುವವರು ಅವರೊಬ್ಬರೇ. ಚಿಕ್ಕಜಾಲದ ಹಳೇ ಮನೆತನದವರು, ಹುರಿಮೀಸೆ, ಎಲ್ಲರೂ ಯಜಮಾನ್ರೆ ಎಂದೇ ಕರೆಯುತ್ತಾರೆ. ಅವರು ಒಂದು ದೊಡ್ಡ ಚಕ್ಕೋತದ ಹಣ್ಣು ತಂದು ನೇರ ನನ್ನ ಕೀಬೋರ್ಡಿನ ಮೇಲೆ ಇಟ್ಟರು. ಸ್ಕ್ರೀನಿನ ತುಂಬ ಒಂದೇ ಅಕ್ಷರ ಓಡತೊಡಗಿತು.

"ಮೇಡಂ, ನನ್ ರೂಮು ಬಾಯ್ಲರ್ನೋರ್ ಕೆಳಕ್ಕೆ ಓಯ್ತಂತೆ?"

"ರೂಮ್ ಎಲ್ಲಿಗೂ ಹೋಗಿಲ್ರಿ ಯಜಮಾನ್ರ. ಕಂಪ್ಯೂಟರ್‌ನ್ಯಾಗ ಅಷ್ಟ. ಮೊದ್ಲು ಆ ಹಣ್ಣು ತಗೀರಿ."

"ಕಂಪ್ಯೂಟರ್ನಾಗೆ ಓದ್ರೆ ಓದಂಗೇ ಅಲ್ವಾ?"

ಹಣ್ಣು ತೆಗೆದು, ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಅವರಿಗೆ ಒಬ್ಬಳೇ ಮಗಳು. ಆರ್.ಟಿ. ನಗರದ ಒಂದು ಮನೆತನದ ಹುಡುಗನ ಜೊತೆ ಮದುವೆಯ ಮಾತು ಮುಗಿದಿದೆ. ಆಯುಧಪೂಜೆಯ ದಿನ ಮನೆಯವರಿಗೆಲ್ಲ ಕಾರ್ಖಾನೆಯೊಳಗೆ ಬರಲು ಬಿಡುತ್ತಾರಲ್ಲ, ಅಂದು ಬೀಗರು ಬರುತ್ತಿದ್ದಾರೆ. ಅವರ ಹತ್ತಿರ ಇವರು ತಾನು ಸೆಕ್ಷನ್ ಇನ್‌ಚಾರ್ಜ್ ಎಂದು ಹೇಳಿಕೊಂಡಿದ್ದಾರೆ.

"ನಾನೇನ್ ಸುಳ್ಳೇಳಿಲ್ಲ ಮೇಡಂ. ಆ ರೂಮ್ನಾಗಿರಾದು ನಾನೊಬ್ನೇ. ನಾನಲ್ದೆ ಇನ್ಯಾರು ಇನ್‌ಚಾರ್ಜು, ಗೋಡೆ ಮೇಲಿರೋ ಅಲ್ಲೀನಾ?"

ನಗು ಬಂತು, ಕೆಮ್ಮಿದಂತೆ ಮಾಡಿದೆ. ಅವರು ನಗಲಿಲ್ಲ.

"ಅವ್ರು ಸಿಟಿ ಜನ. ನಾನು ಏನೂ ಅಲ್ದೋನು ಅಂತ ಗೊತ್ತಾದ್ರೆ, ಪಾಪ ನಿಮ್ಗ್ಯಾಕೆ ತೊಂದ್ರೆ ಅಂತ ಮದ್ವೆ ಎಲ್ಲಾ ಅವ್ರೇ ಮಾಡ್ಬುಡ್ತಾರೆ. ನನ್ ಮಗಳ್ ಮದ್ವೇಲಿ ನಾನು ನೆಂಟನಂಗೆ ಕುರ್ಚೀಲ್ ಕೂರ್ಬೇಕಾಯ್ತದೆ. ಚಪ್ಪರ ಆಕ್ಸಾದು, ಊರೂರಿಗ್ ಓಗಿ ಕರೆಯಾದು, ನಿಂತು ಬಡಿಸಾದು, ಇದೆಲ್ಲ ನಾನೇ ಮಾಡ್ಬೇಕು. ಅವ್ಳು ಉಟ್ಟಿದಾಗ್ಲಿಂದ ಅಂದ್ಕೊಂಡಿವ್ನಿ. ಅದ್ಕೆ ಒಂದೆಸ್ರು ಆಕ್ಬುಡಿ ಮೇಡಂ."

ಎದ್ದು ಪುಣೆಯವನ ಹತ್ತಿರ ಹೋದೆ. ಒಬ್ಬ ಮನುಷ್ಯನಿಗೆ ಒಂದು ವರ್ಕ್ ಸೆಂಟರ್ ಮಾಡುವ ಪದ್ಧತಿ ಪ್ರಪಂಚದಲ್ಲೇ ಇಲ್ಲ, ಅವರು ರಜೆ ಹಾಕಿದರೆ ಏನು ಗತಿ ಎಂದ ಅವನು. ಅವರು ಇಷ್ಟು ವರ್ಷ ರಜೆ ಹಾಕಿದಾಗ ಏನು ಗತಿಯೋ ಅದೇ ಗತಿ ಎಂದೆ. ನಾನು ಅವನ ಟೇಬಲ್ ಬಿಟ್ಟು ಕದಲುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಹಾಗಾದರೆ ಪುಣೆಯ ಕಂಪ್ರೆಸರಿನ ವರ್ಕ್ ಸೆಂಟರನ್ನೇ ನಕಲು ಮಾಡಿ ಹೆಸರು ಬದಲಾಯಿಸಿ ಎಂದ. ಹಾಗೇ ಮಾಡಿದೆ. ಹೊಣೆಗಾರರು: ಯಜಮಾನರು. ಜನ: ಒಂದು. ಉಳಿದದ್ದೆಲ್ಲ ಪುಣೆಯದ್ದು ಹೇಗಿತ್ತೋ ಹಾಗೆ. ಬಾಗಿಲಿಗೆ ಬೋರ್ಡೂ ಬಂತು, ಕೆಲಸದ ಚೀಟಿ ಮುದ್ರಿಸಲು ಕೋಣೆಗೊಂದು ಪುಟ್ಟ ಪ್ರಿಂಟರೂ ಬಂತು. ವೆಲ್ಡಿಂಗ್‌ನವರು ನನ್ನ ಜೊತೆ ಮಾತು ಬಿಟ್ಟರು.

ಆಯುಧಪೂಜೆಯ ದಿನ ಆ ಕೋಣೆಯನ್ನು ನೋಡಬೇಕಿತ್ತು. ಕಂಪ್ರೆಸರಿಗೆ ಆಳೆತ್ತರದ ಚೆಂಡುಹೂವಿನ ಹಾರ, ಸ್ಪ್ಯಾನರ್‌ಗಳಿಗೆ ಸಾಲಾಗಿ ಅರಿಶಿನ ಕುಂಕುಮ, ಪ್ರಿಂಟರಿಗೂ ಮೂರು ಪಟ್ಟೆ ವಿಭೂತಿ, ಒಂದು ಚಿಕ್ಕ ಹಾರ. ಬಿಳಿ ಪಂಚೆ ಉಟ್ಟ ಯಜಮಾನರು ಬೋರ್ಡಿಗೆ ಅಡ್ಡ ಬರದಂತೆ ಪಕ್ಕಕ್ಕೆ ಸರಿದು ನಿಂತಿದ್ದರು. ಬೀಗರು ಸಫಾರಿ ತೊಟ್ಟ ಗಂಭೀರ ಮನುಷ್ಯ, ಒಂದು ಕಾರ್ಖಾನೆಯಿಂದ ನಿವೃತ್ತರಾದವರು. ಜೊತೆಗೆ ಅವರ ಹೆಂಡತಿ. ಯಜಮಾನರ ಗತ್ತನ್ನು ಕಣ್ಣಾರೆ ನೋಡಬೇಕೆಂದು ನಾನೂ ಹೋಗಿದ್ದೆ. ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದದ್ದಾಯಿತು, ಎಲ್ಲರ ಕೈಗೂ ಕಡಲೆಪುರಿ ಬಂತು.

ಅಷ್ಟರಲ್ಲಿ ಪ್ರಿಂಟರು ಕಿರ್ ಎಂದಿತು.

ಒಂದು ಹಾಳೆ ಬಂತು. ಕಂಪ್ರೆಸರಿನ ಎಣ್ಣೆ ಬದಲಿಸಿ, ಇವತ್ತೇ. ಇನ್ನೊಂದು ಬಂತು. ಫಿಲ್ಟರ್ ಬಿಚ್ಚಿ, ಇವತ್ತೇ. ಬೆಲ್ಟು, ವಾಲ್ವು, ಡ್ರೈನು, ಒಂದಾದ ಮೇಲೊಂದು ಬರುತ್ತಲೇ ಇದ್ದವು. ನನಗೆ ಗೊತ್ತಾಗಿಹೋಯಿತು. ನಕಲು ಮಾಡುವಾಗ ಪುಣೆಯ ರಜೆ ಪಟ್ಟಿಯೂ ಜೊತೆಗೇ ಬಂದುಬಿಟ್ಟಿದೆ! ಆ ಪಟ್ಟಿಯಲ್ಲಿ ಗಣಪತಿ ಬಿಡುವುದಕ್ಕೆ ರಜೆಯಿದೆ, ಮಾರನೆಯ ದಿನದ ದಸರಾಕ್ಕೂ ಇದೆ, ಆಯುಧಪೂಜೆಗಿಲ್ಲ. ಇಡೀ ಕಾರ್ಖಾನೆಯಲ್ಲಿ ಇವತ್ತು ಕೆಲಸ ಮಾಡಬೇಕಾದವರು ಯಜಮಾನರೊಬ್ಬರೇ ಎಂದು ಸಾಫ್ಟ್‌ವೇರ್ ತೀರ್ಮಾನಿಸಿತ್ತು.

"ಆಫ್ ಮಾಡ್ರೀ ಅದನ್ನ!" ಎಂದೆ. ಯಾರೂ ಕೈ ಹಾಕಲಿಲ್ಲ. ಪೂಜೆಯಾದ ಮೇಲೆ ಅಂದು ಆಯುಧ ಮುಟ್ಟುವ ಹಾಗಿಲ್ಲ. ಸ್ವಿಚ್ ಒತ್ತಿದರೆ ಮುಟ್ಟಿದ ಹಾಗೋ ಅಲ್ಲವೋ ಎಂದು ಬಾಗಿಲಲ್ಲಿ ನಿಂತವರು ಚರ್ಚೆಗಿಳಿದರು. ಪ್ಲಗ್ಗಿಗೂ ಕುಂಕುಮ ಹಚ್ಚಿದ್ದಾರೆ, ಅದೂ ಆಯುಧವೇ ಎಂದರು ಒಬ್ಬರು. ಪ್ರಿಂಟರು ತನಗೆ ಹಾಕಿದ್ದ ಹಾರವನ್ನೂ ಕಾಗದದ ಜೊತೆ ಎಳೆದುಕೊಂಡು ಚೆಂಡುಹೂವಿನ ಎಸಳು ಉಗುಳತೊಡಗಿತು.

ಬೀಗರು ಹಾಳೆಗಳನ್ನು ಒಂದೊಂದಾಗಿ ಎತ್ತಿ ಓದಿದರು. "ಎಲ್ಲದ್ರಲ್ಲೂ ಜವಾಬ್ದಾರಿ ಅಂತ ನಿಮ್ ಹೆಸ್ರೇ ಇದೆಯಲ್ರೀ!"

ಯಜಮಾನರ ಮೀಸೆ ಅರ್ಧ ಇಂಚು ಮೇಲೆದ್ದಿತು. "ಅದೇನ್ ಮಹಾ ಬಿಡಿ ಬೀಗ್ರೆ. ದಿನಾ ಇಂಗೇ."

"ದಿನಾನೂ?"

"ದಿನಾನೂ. ನಾನಿಲ್ದಿದ್ರೆ ಒಂದ್ ಮುಚ್ಳ ಆಚೆ ಓಗಾಕಿಲ್ಲ."

ಬೀಗರು ಹೆಂಡತಿಯ ಮುಖ ನೋಡಿದರು. ಇಬ್ಬರ ಮುಖದಲ್ಲೂ ನಿಜವಾದ ಮರುಕ. "ಅಯ್ಯೋ ಪಾಪ, ಹಬ್ಬದ್ ದಿನಾನೂ ಬಿಡಲ್ವಾ? ಇಷ್ಟು ಕೆಲ್ಸ ಇಟ್ಕೊಂಡು ನೀವು ಮದ್ವೆ ಓಡಾಟ ಎಲ್ ಮಾಡ್ತೀರಿ? ತಲೆ ಕೆಡಿಸ್ಕೋಬೇಡಿ ಬೀಗ್ರೆ. ಛತ್ರ, ಅಡುಗೆಯೋರು, ಕರೆಯೋದು, ಎಲ್ಲಾ ನಾವೇ ನೋಡ್ಕೋತೀವಿ. ನೀವು ಧಾರೆ ಹೊತ್ತಿಗೆ ಬಂದ್ಬಿಟ್ರೆ ಸಾಕು."

ಎದ್ದ ಮೀಸೆ ಹಾಗೇ ಇಳಿಯಿತು. ಯಜಮಾನರು ನನ್ನನ್ನು ನೋಡಿದರು, ಬೋರ್ಡು ನೋಡಿದರು, ಕೈಯಲ್ಲಿದ್ದ ಕಡಲೆಪುರಿ ನೋಡಿದರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

"ಬೀಗ್ರೆ, ಇಲ್ಲಿ ಕೇಳಿ," ಎಂದರು ಯಜಮಾನರೇ, ಮೆಲ್ಲಗೆ. "ಇನ್‌ಚಾರ್ಜೂ ನಾನೇ, ಎಲ್ಪರೂ ನಾನೇ, ಕಸ ಗುಡ್ಸಾದೂ ನಾನೇ. ಈ ರೂಮ್ನಾಗೆ ಇನ್ಯಾವ್ ನರಪಿಳ್ಳೇನೂ ಇಲ್ಲ. ದಿನಾ ಇಷ್ಟು ಕೆಲ್ಸ ಬರಾಕಿಲ್ಲ, ಮಧ್ಯಾನ ಒಂದ್ ನಿದ್ದೇನೂ ಮಾಡ್ತೀನಿ. ಈ ಪೇಪರ್‌ಗಳೆಲ್ಲ ಮೇಡಂ ಮಾಡಿರಾ ಎಡವಟ್ಟು. ನೀವ್ ನನ್ನ ಏನಾರಾ ಅನ್ಕೊಳ್ಳಿ. ಮಗಳ್ ಮದ್ವೆ ಮಾತ್ರ ನಾನೇ ನಿಂತು ಮಾಡಾದು."

ಬಾಗಿಲಲ್ಲಿ ಸ್ವಿಚ್ಚಿನ ಚರ್ಚೆ ನಿಂತುಹೋಯಿತು. ಯಜಮಾನರ ಕಣ್ಣಲ್ಲಿ ನೀರಿತ್ತು. ನನಗೂ ಬಂತು, ಧೂಪದ ಹೊಗೆಯಿಂದ ಅಲ್ಲ.

ಬೀಗರು ಹಾಳೆಗಳನ್ನು ನೀಟಾಗಿ ಜೋಡಿಸಿ ಪ್ರಿಂಟರಿನ ಮೇಲಿಟ್ಟರು. ಆಮೇಲೆ ಯಜಮಾನರ ಭುಜದ ಮೇಲೆ ಕೈ ಹಾಕಿ ಜೋರಾಗಿ ನಗತೊಡಗಿದರು. ಸಫಾರಿಯ ಗುಂಡಿ ಬಿಗಿಯಾಗುವಷ್ಟು ನಗು.

"ಮಾಡಿ ಬೀಗ್ರೆ, ನೀವೇ ನಿಂತು ಮಾಡಿ. ಅದ್ಕ್ಯಾಕೆ ಅಳ್ತೀರಿ? ನಾನೂ ರಿಟೈರ್ ಆಗೋವರ್ಗೂ ಪಂಪ್ ರೂಮಲ್ಲಿ ಒಬ್ನೇ ಇದ್ದೆ. ಯಾರ್ ಕೇಳಿದ್ರೂ ಸೆಕ್ಷನ್ ಹೆಡ್ ಅಂತಿದ್ದೆ!"

ಕಡಲೆಪುರಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಅವರ ಹೆಂಡತಿ ಕೈಯನ್ನು ಅಲ್ಲೇ ನಿಲ್ಲಿಸಿ ಗಂಡನ ಕಡೆಗೆ ತಿರುಗಿದರು.

"ಒಬ್ರೇ ಇದ್ರಾ?" ಎಂದರು. "ಮತ್ತೆ ನನ್ನ ನೋಡೋಕ್ ಬಂದಾಗ ನಲವತ್ ಜನ ಕೈಕೆಳಗಿದ್ದಾರೆ ಅಂತ ನಮ್ಮಪ್ಪಂಗೆ ಹೇಳಿದ್ರಲ್ಲ?"